ಅಕ್ಕ ನೋಡಿದ ಗಾಡಿ

ಶೆಡ್ಡಿನ ಒಳಗೋಡೆಯ ಮೇಲೆ ತಮ್ಮ ಕೆಂಪು ಬಣ್ಣದಲ್ಲಿ ಒಂದು ಸಾಲು ಬರೆಸಿದ್ದ: ‘ಅಕ್ಕ ನೋಡಿದ ಗಾಡಿಗೆ ಮೀಟರ್ ಇಡುವುದಿಲ್ಲ.’ ಬರೆಸಿದ್ದು ತಮಾಷೆಗೆ. ಬರಬರುತ್ತಾ ಅದೇ ಅಂಗಡಿಯ ಕಾನೂನಾಯಿತು.

ಮೀಟರ್ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಉಪಕರಣ. ಕಾರಿನ ಮೈಗೆ ಒತ್ತಿ ಹಿಡಿದರೆ ಬಣ್ಣ ಎಷ್ಟು ದಪ್ಪ ಇದೆ ಎಂದು ತೋರಿಸುತ್ತದೆ. ಗುದ್ದಿಸಿಕೊಂಡು ರಿಪೇರಿಯಾದ ಜಾಗದಲ್ಲಿ ಬಣ್ಣ ದಪ್ಪಗಿರುತ್ತದೆ. ಬಳಸಿದ ಸ್ಪೋರ್ಟ್ಸ್ ಕಾರು ಕೊಳ್ಳುವವರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ, ಏಕೆಂದರೆ ಆ ಜಾತಿಯ ಕಾರುಗಳಲ್ಲಿ ಎಲ್ಲೂ ಗುದ್ದಿಸಿಕೊಳ್ಳದ್ದು ಅಪರೂಪ. ತಮ್ಮನ ಅಂಗಡಿಯಲ್ಲಿ ಮಾತ್ರ ಆ ಕೆಲಸ ಅಕ್ಕನ ಕಣ್ಣಿನದು. ಗೋಡೆಯುದ್ದಕ್ಕೂ ಒಂದರ ಕೆಳಗೊಂದು ಅಡ್ಡಡ್ಡಲಾಗಿ ಟ್ಯೂಬ್‌ಲೈಟುಗಳಿದ್ದವು. ಕಾರನ್ನು ತೊಳೆದು, ಒರೆಸಿ, ಅವುಗಳ ಎದುರಿಗೆ ನಿಲ್ಲಿಸಿದರೆ ಬೆಳಕಿನ ಗೆರೆಗಳು ಅದರ ಮೈಮೇಲೆ ಮೂಡುತ್ತವೆ. ಮೈ ಸರಿಯಿದ್ದರೆ ಗೆರೆ ಸರಾಗವಾಗಿ ಹರಿದುಹೋಗುತ್ತದೆ. ಎಲ್ಲೋ ಒಮ್ಮೆ ಸುತ್ತಿಗೆ ಬಿದ್ದಿದ್ದರೆ, ಮೇಲೆ ಎಷ್ಟೇ ಬಣ್ಣ ಬಳಿದಿರಲಿ, ಅಲ್ಲಿ ಬಂದು ಗೆರೆ ತಡವರಿಸುತ್ತದೆ. ಹಾಗೆ ತಡವರಿಸಿದ್ದು ಕಂಡರೆ ಅಕ್ಕ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೊಮ್ಮೆ ನೋಡುತ್ತಿದ್ದಳು. ತಪ್ಪು ಗಾಡಿಯದಾದರೆ ಅದು ಇದ್ದಲ್ಲೇ ಇರುತ್ತದೆ. ಬೇರೆ ಏನಾದರೂ ಆದರೆ ಅವಳ ಜೊತೆಗೇ ಸರಿಯುತ್ತದೆ. ಆ ಎರಡನೇ ನೋಟ ಮುಗಿಯುವ ತನಕ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ಈ ಕಣ್ಣು ಅವಳಿಗೆ ಬಂದದ್ದು ಕಾರುಗಳಿಂದಲ್ಲ. ಡಿಗ್ರಿ ಮುಗಿಸಿ ಅವಳು ಸೇರಿದ್ದು ಒಂದು ಮುದ್ರಣಾಲಯವನ್ನು, ಅಚ್ಚಿಗೆ ಹೋಗುವ ಮುನ್ನ ಪುಟಗಳನ್ನು ಓದಿ ತಪ್ಪು ಹಿಡಿಯುವ ಕೆಲಸಕ್ಕೆ. ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ ಅದು. ಚಿಕ್ಕಂದಿನಿಂದಲೂ ಮನೆ ಬಿಟ್ಟು ಬೀದಿಯ ತಿರುವಿಗೆ ಬಂದ ಮೇಲೆ ಬಾಗಿಲ ಬೀಗ ಹಾಕಿದೆಯೋ ಇಲ್ಲವೋ ಎಂದು ಹಿಂದಿರುಗಿ ಓಡುವವಳು ಅವಳು. ಈ ಹುಡುಗಿ ನಿದ್ದೆಯಲ್ಲೂ ಒಂದು ಕಣ್ಣು ಚಿಲಕದ ಮೇಲೇ ಇಟ್ಟಿರುತ್ತಾಳೆ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ತಪ್ಪೇ ಇಲ್ಲದ ಪುಟ ಸಿಕ್ಕರೆ ಅಕ್ಕನಿಗೆ ಸಮಾಧಾನವಾಗುತ್ತಿರಲಿಲ್ಲ, ಸಂಕಟವಾಗುತ್ತಿತ್ತು. ಎಲ್ಲೋ ಇದೆ, ನನಗೆ ಕಾಣುತ್ತಿಲ್ಲ ಅಷ್ಟೇ ಎಂದುಕೊಂಡು ಮತ್ತೆ ಮೊದಲಿನಿಂದ ಓದುತ್ತಿದ್ದಳು.

ತಮ್ಮ ಅವಳಿಗೆ ತದ್ವಿರುದ್ಧ. ಬೀಗ ಹಾಕುವುದಿರಲಿ, ಬಾಗಿಲನ್ನೇ ಮರೆಯುವವನು. ಓದು ತಲೆಗೆ ಹತ್ತದೆ ಸೋದರಮಾವನ ಜೊತೆ ತಿರುಗತೊಡಗಿದ. ಮಾವ, ಅಂದರೆ ಅಮ್ಮನ ಒಬ್ಬನೇ ತಮ್ಮ, ಹಳೆಯ ಕಾರುಗಳ ದಲ್ಲಾಳಿ. ಮಾತಿನಲ್ಲೇ ಮಹಡಿ ಮನೆ ಕಟ್ಟುವವರು. ಕೈಗೆ ಬಂದ ಪ್ರತಿಯೊಂದು ಗಾಡಿಯ ಬಾನೆಟ್ಟು ಸವರಿ ‘ಬೆಣ್ಣೆ’ ಎನ್ನುತ್ತಿದ್ದರು. ಬಾಗಿಲು ಕಿರುಗುಟ್ಟುವ ಟ್ಯಾಕ್ಸಿಯೂ ಬೆಣ್ಣೆ, ಹೊಗೆ ಕಾರುವ ವ್ಯಾನೂ ಬೆಣ್ಣೆ. ಒಂದು ದಿನ ಅವರ ಅಂಗಳಕ್ಕೆ ಲಾರಿಯ ಮೇಲೆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತಿದ್ದ ಹಳದಿ ಕಾರೊಂದು ಬಂದಿಳಿಯಿತು. ಅದರ ಬಾಗಿಲು ತೆಗೆಯುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಎಳೆದು, ತಳ್ಳಿ, ಬೈದು ನೋಡಿದರು. ತಮ್ಮ ಮಾತ್ರ ಕುಕ್ಕರಗಾಲಲ್ಲಿ ಅದನ್ನೇ ನೋಡುತ್ತಾ ಕೂತ. ಸಂಜೆಯ ಹೊತ್ತಿಗೆ ಬಾಗಿಲನ್ನು ಮೇಲಕ್ಕೆತ್ತಬೇಕೆಂದು ಅವನೇ ಕಂಡುಹಿಡಿದ. ಆ ಬಾಗಿಲು ಮೇಲೆದ್ದದ್ದೇ ಎದ್ದದ್ದು, ಅವನ ತಲೆ ಮತ್ತೆ ಕೆಳಗಿಳಿಯಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ಮುದ್ರಣಾಲಯದ ಹಿಂದಿನ ತಗಡಿನ ಶೆಡ್ಡು ಖಾಲಿಯಿದೆ ಎಂದು ಅವನಿಗೆ ತಿಳಿಸಿದವಳು ಅಕ್ಕನೇ. ಅಲ್ಲಿ ಅವನು ದೊಡ್ಡವರ ಸ್ಪೋರ್ಟ್ಸ್ ಕಾರುಗಳನ್ನು ಉಜ್ಜಿ ಹೊಳಪು ಮಾಡುತ್ತಾ ಶುರುಮಾಡಿದ. ಆಮೇಲೆ ಮಾವ ತಂದುಕೊಟ್ಟವನ್ನು ಸರಿಪಡಿಸಿ ಮಾರತೊಡಗಿದ. ಮಧ್ಯಾಹ್ನ ಊಟದ ಡಬ್ಬಿ ಕೊಡಲು ಬಂದ ಅಕ್ಕ ಒಮ್ಮೆ, ಗಿರಾಕಿ ಎದುರಿಗೇ ಇದ್ದಾನೆ ಎಂಬ ಪರಿವೆಯಿಲ್ಲದೆ, ಕೆಂಪು ಕಾರೊಂದರ ಬಾಗಿಲ ಮೇಲೆ ಗೆರೆ ನಡುಗುತ್ತಿದೆಯಲ್ಲ ಎಂದುಬಿಟ್ಟಳು. ಅದು ಪೇಟೆಯ ಇನ್ನೊಬ್ಬ ದಲ್ಲಾಳಿ ತಂದ ಗಾಡಿ. ಬಾಗಿಲು ಬೇರೆ ಗಾಡಿಯದೆಂದು ಆಮೇಲೆ ಗೊತ್ತಾಯಿತು. ತಮ್ಮ ತಲೆ ತಗ್ಗಿಸಿದ. ಗಿರಾಕಿ ನಕ್ಕು, ಇವರು ಯಾವ ಗಾಡಿ ಸರಿ ಎನ್ನುತ್ತಾರೋ ಅದನ್ನೇ ಕೊಡಿ ಎಂದ. ಅಲ್ಲಿಂದ ‘ಅಕ್ಕ ನೋಡಿದ ಗಾಡಿ’ ಎಂಬ ಮಾತು ಹುಟ್ಟಿತು. ದೂರದೂರದವರು ಅದೇ ಮಾತು ಹಿಡಿದುಕೊಂಡು ಬಂದರು. ಅವಳು ಮುದ್ರಣಾಲಯ ಬಿಟ್ಟಳು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದವರೂ ಅಂಗಡಿಯಲ್ಲಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಏಳುವಾಗ ಬೀಳುವುದೂ ಇತ್ತು. ಬೀದಿಯ ಉಬ್ಬು ದಾಟಿಸಲು ಆ ಕಾರುಗಳಿಗೆ ಹಲಗೆ ಹಾಸಬೇಕಾಗುತ್ತಿತ್ತು. ಇಬ್ಬರು ಹಲಗೆ ಹಿಡಿದು ಮುಂದೆ ನಡೆಯುವುದು, ಕಾರು ಹಿಂದೆ ತೆವಳುವುದು. ಎದುರಿನ ಅಂಗಡಿಯವನು, ಹೆಣ್ಣು ಕಳಿಸಿಕೊಡೋಕೆ ಇಷ್ಟು ಬಿನ್ನಾಣ ಯಾರೂ ಮಾಡಲ್ಲ ಎಂದು ಛೇಡಿಸುತ್ತಿದ್ದ. ಒಮ್ಮೆ ಹಲಗೆ ಜಾರಿ ಬೆಳ್ಳಿ ಬಣ್ಣದ ಕಾರೊಂದರ ಹೊಟ್ಟೆ ಹರಿದು, ಎಣ್ಣೆ ಬೀದಿಯುದ್ದಕ್ಕೂ ಹರಿಯಿತು. ಆ ನಷ್ಟ ತುಂಬಲು ತಮ್ಮ ಬಹಳ ಕಾಲ ಹಗಲು ತನ್ನ ಕೆಲಸ, ಸಂಜೆ ಬೇರೆಯವರ ಗ್ಯಾರೇಜಿನ ಕೆಲಸ ಎಂದು ದುಡಿದ. ಆಗಲೂ ನಗುತ್ತಲೇ ಇದ್ದ. ಮಾವ ಬಂದು, ಅಳಿಯ, ಬಿದ್ದವನಿಗೆ ಮಾತ್ರ ನೆಲ ಎಲ್ಲಿದೆ ಅಂತ ಗೊತ್ತಾಗೋದು ಎಂದು ಬೆನ್ನು ತಟ್ಟಿ, ಮುಂದಿನ ಗಾಡಿಯನ್ನು ನಂಬಿಕೆಯ ಮೇಲೇ ಬಿಟ್ಟುಹೋದರು.

ಮಾವ ಹೀಗೆ ಎಷ್ಟೋ ಗಾಡಿ ತಂದರು. ಒಂದರಲ್ಲೂ ಅಕ್ಕನಿಗೆ ತಪ್ಪು ಸಿಗಲಿಲ್ಲ. ಅದೇ ಅವಳನ್ನು ಕೊರೆಯುತ್ತಿತ್ತು. ಎಲ್ಲವನ್ನೂ ಬೆಣ್ಣೆ ಎನ್ನುವ ಮನುಷ್ಯ ತಂದದ್ದೆಲ್ಲ ನಿಜಕ್ಕೂ ಬೆಣ್ಣೆಯಾಗಿರಲು ಹೇಗೆ ಸಾಧ್ಯ? ಅವರ ಗಾಡಿ ಬಂದಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಏನೂ ಕಾಣದೆ ‘ಆಯಿತು’ ಎನ್ನುವಾಗ ಯಾವುದೋ ತಪ್ಪನ್ನು ಕೈಯಾರೆ ದಾಟಿಸುತ್ತಿದ್ದೇನೆ ಎಂಬ ಕಳವಳ. ಮಾವನಿಗೆ ಇದು ಗೊತ್ತಿತ್ತೋ ಏನೋ, ಅವಳು ಗಾಡಿ ಸುತ್ತುವಾಗ ಅವರು ಬಾಯಿ ಮುಚ್ಚಿಕೊಂಡು ಅವಳ ಕಾಲುಗಳನ್ನೇ ನೋಡುತ್ತಾ ನಿಲ್ಲುತ್ತಿದ್ದರು.

ಶೆಡ್ಡು ಸಾಲದಾಯಿತು. ತಮ್ಮ ದೊಡ್ಡ ರಸ್ತೆಯಲ್ಲಿ ಗಾಜಿನ ಶೋರೂಮು ಹಿಡಿದ. ಹೊರದೇಶದ ಒಂದು ಕಾರು ಕಂಪನಿ ಈ ಕಡೆಗೆ ತನ್ನ ಏಜೆನ್ಸಿ ಯಾರಿಗೆ ಕೊಡಬೇಕೆಂದು ಹುಡುಕುತ್ತಿತ್ತು. ಅದು ಸಿಕ್ಕರೆ ಹೊಚ್ಚಹೊಸ ಕಾರುಗಳು, ಅವನದೇ ಹೆಸರಿನ ಬಾಗಿಲು. ಕಂಪನಿಯ ಇಬ್ಬರು ಪ್ರತಿನಿಧಿಗಳು ಉದ್ಘಾಟನೆಯ ದಿನವೇ ಬರುವವರಿದ್ದರು. ಅಂದು ಮಾವ ತಂದ ಕಪ್ಪು ಕಾರೊಂದನ್ನು ಹಲ್ಲಿನ ಡಾಕ್ಟರೊಬ್ಬರಿಗೆ ಒಪ್ಪಿಸುವುದು, ಅದನ್ನು ಎಲ್ಲರೆದುರಿಗೆ ಅಕ್ಕ ನೋಡುವುದು ಎಂದು ಗೊತ್ತಾಗಿತ್ತು. ಹಿಂದಿನ ದಿನದವರೆಗೂ ಬಡಗಿಗಳು, ಬಣ್ಣದವರು ಒಳಗೇ ಇದ್ದರು. ಹಳೆಯ ಶೆಡ್ಡಿನ ಟ್ಯೂಬುಗಳನ್ನು ತಮ್ಮ ದಾರ ಕಟ್ಟಿ, ತೂಕದ ಗುಂಡು ಇಳಿಬಿಟ್ಟು ತಾನೇ ಕೂರಿಸಿದ್ದ. ಇಲ್ಲಿ ಆ ಕೆಲಸವನ್ನು ಅಲಂಕಾರದವರು ಮಾಡಿದರು. ಅವನಿಗೆ ಬಿಡುವಿರಲಿಲ್ಲ.

ಆ ಬೆಳಿಗ್ಗೆ ಅಮ್ಮನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಮಾವ ಇಸ್ತ್ರಿ ಮುರಿಯದ ಹೊಸ ಅಂಗಿ ತೊಟ್ಟಿದ್ದರು. ಶಟರನ್ನು ಪೂರ್ತಿ ಮೇಲಕ್ಕೆಸೆದಾಗ ಕಟ್ಟಡವೇ ಒಮ್ಮೆ ಅದುರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಒದ್ದೆಯಾದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಕಾರಿನ ಮೂತಿಯಿಂದ ಶುರುಮಾಡಿದಳು. ಕನ್ನಡಕ ಒರೆಸುತ್ತಿದ್ದ ಪ್ರತಿನಿಧಿ ಒರೆಸುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಹಿಂದಿನಿಂದ ಮಾವನ ಮೆಲುದನಿ ಕೇಳಿಸಿತು: “ಬೆಣ್ಣೆ ಕಣಮ್ಮ, ಬೆಣ್ಣೆ.”

ಹಿಂದಿನ ಚಕ್ರದ ಮೇಲೆ ಮೂರನೆಯ ಗೆರೆ ಕುಸಿಯಿತು.

ಅವಳಿಗೆ ಆ ಕ್ಷಣ ಆದದ್ದು ಆಘಾತವಲ್ಲ. ಬಿಡುಗಡೆ. ಇಷ್ಟು ವರ್ಷ ಹುಡುಕುತ್ತಿದ್ದದ್ದು ಕೊನೆಗೂ ಸಿಕ್ಕಿತು ಎಂಬ ಬಿಡುಗಡೆ. ಅವಳು ನಿಂತಲ್ಲೇ ನಿಂತಳು.

ತಮ್ಮ ಹತ್ತಿರ ಬಂದ. ಅವಳು, ಹಿಂದುಗಡೆ ಯಾಕೋ ಸರಿ ಕಾಣ್ತಿಲ್ಲ ಎಂದು ತಡವರಿಸಿದಳು.

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಬೇಡ ಅಕ್ಕ,” ಎಂದ, ಮೆಲ್ಲಗೆ. “ಇದೆಯೋ, ಇಲ್ಲವೋ?”

“ಇದೆ.”

ಮಾವ ನಕ್ಕರು, ತಮಾಷೆ ಎಂದುಕೊಂಡಿರಬೇಕು. ಆಮೇಲೆ ತಮ್ಮನ ಮುಖ ನೋಡಿ, ಮೀಟರ್ ತನ್ನಿ ಎಂದರು. ಹಲ್ಲಿನ ಡಾಕ್ಟರು ಚೀಲದಲ್ಲಿದ್ದ ಮೀಟರನ್ನು ಆಗಲೇ ಹೊರತೆಗೆದಿದ್ದರು. ತಮ್ಮ ಅದಕ್ಕೆ ಕೈ ಅಡ್ಡ ಹಿಡಿದ. ಮುಂದೆ ಅಕ್ಕ ಎಷ್ಟೋ ಸಲ ನೆನೆದದ್ದು ಆ ಕೈಯನ್ನೇ. ಅವನ ಏಜೆನ್ಸಿ, ಅವನ ಗಾಜಿನ ಮನೆ, ಎಲ್ಲ ಆ ಸಣ್ಣ ಯಂತ್ರದ ಮೇಲೆ ನಿಂತಿತ್ತು. ಅವನು ಅದನ್ನು ತಡೆದದ್ದು ಅಕ್ಕನ ಮೇಲಿನ ಮರ್ಯಾದೆಗೆ.

“ಬೇಡ ಮಾವ. ಅಕ್ಕ ನೋಡಿ ಆಯ್ತು.”

ಮಾವ ಅಮ್ಮನ ಕಡೆ ತಿರುಗಿದರು. ನೀನಾದರೂ ಹೇಳಕ್ಕ ಎಂದರು. ಅಮ್ಮ ತನ್ನ ತಮ್ಮನನ್ನು ನೋಡಿದಳು, ಮಗಳನ್ನು ನೋಡಿದಳು, ಕುರ್ಚಿಯ ಕೈ ಹಿಡಿದುಕೊಂಡು ಸುಮ್ಮನೆ ಕೂತಳು. ಮಾವ ಮೇಜಿನ ಮೇಲಿದ್ದ ಕೀಲಿ ತೆಗೆದುಕೊಂಡು, ಕಾರನ್ನು ತಾವೇ ಹಿಂದಕ್ಕೆ ತೆಗೆದು ಹೊರಟುಹೋದರು. ಕಾರಿನ ಸದ್ದು ದೊಡ್ಡ ರಸ್ತೆಯ ಕೊನೆಯವರೆಗೂ ಕೇಳಿಸುತ್ತಿತ್ತು.

ಪ್ರತಿನಿಧಿಗಳು ಇಂಥ ಪ್ರಾಮಾಣಿಕತೆ ಅಪರೂಪ ಎಂದು ಕೈ ಕುಲುಕಿ ಹೋದರು, ಏಜೆನ್ಸಿ ಬೇರೆಯವರಿಗೆ ಹೋಯಿತು. ಸ್ವಂತ ಮಾವನೇ ಕೊಳೆತ ಗಾಡಿ ತಂದುಕೊಡುವ ಅಂಗಡಿ ಎಂದು ಪೇಟೆಯಲ್ಲಿ ಮಾತಾಯಿತು. ಡಾಕ್ಟರು ಹೊಗಳಿದರು, ಕೊಳ್ಳಲಿಲ್ಲ. ಗಾಜಿನ ಶೋರೂಮಿನ ಬಾಡಿಗೆ ತಮ್ಮನನ್ನು ತಿಂದು ಹಾಕಿತು, ಬ್ಯಾಂಕಿನವರು ಉಳಿದ ಕಾರುಗಳನ್ನು ಒಯ್ದರು. ಮಾವನ ಕೈಯಿಂದ ಆಮೇಲೆ ಯಾರೂ ಒಂದು ಸೈಕಲ್ಲೂ ಕೊಳ್ಳಲಿಲ್ಲ. ಕಪ್ಪು ಕಾರನ್ನು ಅವರು ಎಲ್ಲೋ ದೂರದಲ್ಲಿ ಸಿಕ್ಕಷ್ಟಕ್ಕೆ ಕೊಟ್ಟರಂತೆ. ಅಮ್ಮ ತವರಿನ ಕಡೆಯ ಆ ಒಂದೇ ಬಾಗಿಲನ್ನೂ ಮುಚ್ಚಿಕೊಂಡಳು.

ತಮ್ಮ ಅಕ್ಕನನ್ನು ಒಂದು ದಿನವೂ ದೂರಲಿಲ್ಲ. ಅಕ್ಕ ಇಲ್ಲದಿದ್ದರೆ ಆ ಗಾಡಿ ನನ್ನ ಕೈಯಿಂದ ಹೋಗುತ್ತಿತ್ತು, ಯಾರ ಜೀವ ತೆಗೆಯುತ್ತಿತ್ತೋ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ಕ್ಷಮೆ ಕೇಳಿದ. ತಾನು ಏನೋ ಕೆಟ್ಟದ್ದನ್ನು ಮಾಡಲು ಹೊರಟಿದ್ದೆ ಎಂಬ ನಾಚಿಕೆ ಅವನ ನಡಿಗೆಗೇ ಬಂದುಬಿಟ್ಟಿತು. ನಗುತ್ತಿದ್ದವನು ಈಗ ನಕ್ಕ ಮೇಲೆ ಸುತ್ತ ನೋಡುತ್ತಿದ್ದ.

ಶೋರೂಮಿನ ಬೀಗದ ಕೈಯನ್ನು ಒಪ್ಪಿಸಿ ಬರಲು ಅಕ್ಕ ತಾನೇ ಹೋದಳು. ಹೊಸ ಬಾಡಿಗೆಯವರು ಪೀಠೋಪಕರಣದವರು; ಆಗಲೇ ಸಾಮಾನು ಇಳಿಸುತ್ತಿದ್ದರು. ಗೋಡೆಯ ದೀಪಗಳೆಲ್ಲ ಹೊತ್ತಿದ್ದವು. ಕಪ್ಪು ಕಾರು ನಿಂತಿದ್ದ ಜಾಗದಲ್ಲೇ, ಮುಖ ಕಾಣುವಷ್ಟು ಹೊಳಪಿನ ಕಪ್ಪು ಬೀರುವೊಂದನ್ನು ನಿಲ್ಲಿಸಿದ್ದರು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಆಗಷ್ಟೇ ಕಿತ್ತಿದ್ದರು.

ಬೀರುವಿನ ಬಾಗಿಲ ಮೇಲೆ, ಅದೇ ಎತ್ತರದಲ್ಲಿ, ಮೂರನೆಯ ಗೆರೆ ಕುಸಿದಿತ್ತು.

ಅಕ್ಕ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಕುಸಿತವೂ ಅವಳ ಜೊತೆಗೇ ಸರಿಯಿತು.

ಅವಳು ತಿರುಗಿ ಗೋಡೆಯ ಹತ್ತಿರ ಹೋದಳು. ಮೂರನೆಯ ಸಾಲಿನ ಒಂದು ಟ್ಯೂಬಿನ ತುದಿ ಬೆರಳಿನಷ್ಟು ಕೆಳಗೆ ಜೋತುಬಿದ್ದಿತ್ತು. ಅವಳು ಅದನ್ನು ಮೇಲಕ್ಕೆ ಒತ್ತಿ ಬೀರುವಿನ ಕಡೆ ನೋಡಿದಳು: ಗೆರೆ ನೇರವಾಯಿತು. ಕೈ ಬಿಟ್ಟಳು: ಮತ್ತೆ ಕುಸಿಯಿತು. ಒಂದು ಆಸೆ ಉಳಿದಿತ್ತು. ಸಾಮಾನು ಸಾಗಿಸುವಾಗ ಈಚೆಗೆ ಕಳಚಿರಬಹುದಲ್ಲವೇ? ಟ್ಯೂಬಿನ ಹಿಡಿಕೆಯ ಹಿಂದೆ ಬೆರಳು ತೂರಿಸಿದಳು. ಗೋಡೆಯಲ್ಲಿ ಸ್ಕ್ರೂ ಹಾಕಲು ತೂತೇ ಕೊರೆದಿರಲಿಲ್ಲ. ಅಲಂಕಾರದವರು ಆ ತುದಿಯನ್ನು ಅಂಟುಪಟ್ಟಿಯಿಂದ ಅಂಟಿಸಿ ಹೋಗಿದ್ದರು. ಪಟ್ಟಿಯ ಮೇಲೆ ಉದ್ಘಾಟನೆಗೆಂದು ಬಳಿದ ಬಣ್ಣ ಒಣಗಿತ್ತು, ಪಟ್ಟಿ ಹಿಗ್ಗಿದ ಜಾಗದಲ್ಲಿ ಆ ಬಣ್ಣ ಬಿರುಕು ಬಿಟ್ಟು, ಬಿರುಕಿನೊಳಗೆ ಹಳೆಯ ಧೂಳು ಕೂತಿತ್ತು. ಆ ದಿನ ಶಟರು ಅದುರಿದ್ದು ಅವಳಿಗೆ ಮತ್ತೆ ಕಿವಿಯಲ್ಲಿ ಕೇಳಿಸಿತು.

ಏನಾಯಿತು ಮೇಡಂ, ಲೈಟು ಕೆಟ್ಟಿದೆಯಾ ಎಂದು ಅಂಗಡಿಯ ಹೆಂಗಸು ಕೇಳಿದಳು. ಲೈಟು ಚೆನ್ನಾಗಿದೆ ಎಂದು ಹೇಳಿ ಅಕ್ಕ ಬೀಗದ ಕೈ ಕೊಟ್ಟು ಬಂದಳು.

ಮನೆಯಲ್ಲಿ ಹೇಳಲಿಲ್ಲ. ಇವತ್ತು ಅವನು ದಣಿದಿದ್ದಾನೆ, ನಾಳೆ ಹೇಳೋಣ ಎಂದುಕೊಂಡಳು. ನಾಳೆ ಅವನು ಉತ್ಸಾಹದಲ್ಲಿದ್ದ, ಅದನ್ನು ಕೆಡಿಸುವುದು ಹೇಗೆ? ಹಳೆಯ ಶೆಡ್ಡನ್ನೇ ಮತ್ತೆ ಹಿಡಿದಿದ್ದ. ಸ್ನೇಹಿತನೊಬ್ಬ ಮಾರಿಕೊಡಲು ಬಿಟ್ಟಿದ್ದ ನೀಲಿ ಕಾರೊಂದು ಅಲ್ಲಿತ್ತು. ಅದಕ್ಕೆ ಗಿರಾಕಿಯೂ ಸಿಕ್ಕಿದ್ದ, ಭಾನುವಾರ ಬರುತ್ತೇನೆ ಎಂದಿದ್ದ. ಅವನು ಬರುವುದು ‘ಅಕ್ಕ ನೋಡಿದ ಗಾಡಿ’ ಎಂಬ ಮಾತಿಗೆ. ಸ್ವಂತ ಮಾವನ ಗಾಡಿಯನ್ನೇ ತಿರಸ್ಕರಿಸಿದ ಹೆಂಗಸು ಎಂದು ಪೇಟೆಯಲ್ಲಿ ಅವಳ ಹೆಸರು ಮೊದಲಿಗಿಂತ ದೊಡ್ಡದಾಗಿತ್ತು. ತಮ್ಮನ ಕೈಯಲ್ಲಿ ಉಳಿದ ಬಂಡವಾಳ ಅದೊಂದೇ. ಬಾಯಿ ಬಿಟ್ಟರೆ ಅದೂ ಹೋಗುತ್ತದೆ. ಬಿಡದಿದ್ದರೆ ಮಾವ ಸಾಯುವ ತನಕ ಮೋಸಗಾರರಾಗಿಯೇ ಉಳಿಯುತ್ತಾರೆ. ಅಡಿಗೆ ಮನೆಯಲ್ಲಿ ಅಮ್ಮ ಪಾತ್ರೆ ಒರೆಸುತ್ತಾ, ನನ್ನ ತಮ್ಮ ಹೀಗೆ ಮಾಡುತ್ತಾನೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ ಎನ್ನುತ್ತಿದ್ದಳು, ಗೋಡೆಗೆ ಹೇಳಿದ ಹಾಗೆ. ಅಕ್ಕನಿಗೆ ಸ್ಟೀಲಿನ ತಟ್ಟೆಯ ಮೇಲಿನ ಬೆಳಕನ್ನು ನೋಡಲೂ ಭಯವಾಗತೊಡಗಿತು.

ಶುಕ್ರವಾರ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಹೋದಾಗ ತಮ್ಮ ಸ್ಟೂಲಿನ ಮೇಲೆ ನಿಂತು ಟ್ಯೂಬುಗಳನ್ನು ಕೂರಿಸುತ್ತಿದ್ದ. ಈ ಸಲ ಮತ್ತೆ ದಾರ ಕಟ್ಟಿದ್ದ, ಗುಂಡು ಇಳಿಬಿಟ್ಟಿದ್ದ. ಬಾಯಲ್ಲಿ ಸ್ಕ್ರೂಗಳು. ದಾರದ ಇನ್ನೊಂದು ತುದಿ ಹಿಡಿ ಎಂದು ಸನ್ನೆ ಮಾಡಿದ. ಅವಳು ಹಿಡಿದಳು. ಹಿಡಿದುಕೊಂಡೇ ಹೇಳಿದಳು. ಬೀರು, ಗೆರೆ, ಅಂಟುಪಟ್ಟಿ, ಬಿರುಕಿನ ಧೂಳು. ಪುಟ ಓದಿ ಹೇಳುವವಳ ಹಾಗೆ ಒಂದನ್ನೂ ಬಿಡದೆ ಹೇಳಿದಳು. ಒಂದನ್ನು ಮಾತ್ರ ಬಿಟ್ಟಳು.

ಅವನು ಬಾಯಿಂದ ಸ್ಕ್ರೂಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ.

“ಯಾವಾಗ ಗೊತ್ತಾಯ್ತು?”

“ಬೀಗದ ಕೈ ಕೊಡೋಕೆ ಹೋದಾಗ.”

“ಅವತ್ತಿಂದ ನನಗೆ ಊಟ ಬಡಿಸ್ತಾನೇ ಇದೀಯ.” ಸ್ಟೂಲಿನಿಂದ ಇಳಿದ. “ಇನ್ನೂ ಸುಮ್ಮನಿರಬಹುದಿತ್ತಲ್ಲ ಅಕ್ಕ. ಭಾನುವಾರದ ತನಕನಾದ್ರೂ.”

ಅವನು ಹೊರಗೆ ಹೋಗಿ, ಗೋಡೆಗೆ ಒರಗಿಸಿದ್ದ ಉಬ್ಬಿನ ಹಲಗೆಗಳ ಪಕ್ಕ ಕೂತ. ಎದುರಿನ ಅಂಗಡಿಯವನು ಏನೋ ಛೇಡಿಸಲು ಬಾಯಿ ತೆರೆದು, ಅವನ ಮುಖ ನೋಡಿ ಒಳಗೆ ಹೋದ. ಊಟ ಹಾಗೇ ಆರಿತು. ಬಹಳ ಹೊತ್ತಿನ ಮೇಲೆ ತಮ್ಮ ಒಳಬಂದು, ಅಂದು ಡಾಕ್ಟರು ಮೀಟರ್ ಹಿಡಿದಿದ್ದರು, ತಡೆದವನು ನಾನು, ತಪ್ಪು ನನ್ನದೂ ಹೌದು ಎಂದ. ಅದರಿಂದ ಅವಳಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು. ಅವನು ತನ್ನ ಪಾಲು ತೆಗೆದುಕೊಳ್ಳುತ್ತಿದ್ದ, ಅವಳು ತನ್ನ ಪಾಲನ್ನು ಪೂರ್ತಿ ತೋರಿಸಿಯೇ ಇರಲಿಲ್ಲ. ಮಾವನಿಗೆ ಏನೆಂದು ಹೇಳುವುದು ಎಂದು ಅವನು ಕೇಳಿದ. ನಾನು ಹೇಳುತ್ತೇನೆ ಎಂದಳು.

ಮರುದಿನ ಅಮ್ಮನನ್ನು ಕರೆದುಕೊಂಡು ಮಾವನ ಮನೆಗೆ ಹೋದಳು. ವಿಷಯ ಕೇಳಿದಾಗಿನಿಂದ ಅಮ್ಮ ಮಗಳ ಜೊತೆ ಒಂದು ಮಾತೂ ಆಡಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮಾವನ ಅಂಗಳದಲ್ಲಿ ಕಾರುಗಳಿರಲಿಲ್ಲ, ಎಣ್ಣೆ ಕುಡಿದ ನೆಲದಲ್ಲಿ ಹುಲ್ಲು ಎದ್ದಿತ್ತು. ಬಾಗಿಲು ತೆರೆದ ಮಾವ ತೆಳ್ಳಗಾಗಿದ್ದರು. ಅಮ್ಮ ಅವರನ್ನು ಮಾತಾಡಿಸಲಿಲ್ಲ. ಪಕ್ಕದಿಂದ ತೂರಿಕೊಂಡು ಸೀದಾ ಅಡಿಗೆ ಮನೆಗೆ ಹೋದಳು. ಒಳಗೆ ಪಾತ್ರೆಗಳ ಸದ್ದು ಶುರುವಾಯಿತು.

ಅಕ್ಕ ಹೊಸ್ತಿಲ ಹೊರಗೇ ನಿಂತು ಹೇಳಿ ಮುಗಿಸಿದಳು. ಕ್ಷಮಿಸಿ ಎಂಬ ಮಾತನ್ನು ಕೊನೆಗಿಟ್ಟುಕೊಂಡಿದ್ದಳು, ಅದು ಹೊರಬರುವ ಮೊದಲೇ ಮಾವ ಮಾತಾಡಿದರು.

“ಗಾಡಿ ಸರಿ ಇತ್ತು ಅಂತ ನಿನಗೆ ಈಗ ಗೊತ್ತಾಯ್ತು. ನನಗೆ ಅವತ್ತೇ ಗೊತ್ತಿತ್ತಲ್ಲಮ್ಮ. ನನಗೇನು ಹೊಸ ಸುದ್ದಿ ತಂದೆ ನೀನು?”

ಅವಳು ತಲೆ ತಗ್ಗಿಸಿದಳು.

“ಒಂದು ಕೇಳ್ತೀನಿ,” ಎಂದರು. “ನೀನು ಗಾಡಿ ನೋಡೋದನ್ನ ನಾನು ಎಷ್ಟು ಸಲ ನೋಡಿದೀನಿ. ಗೆರೆ ಕೆಟ್ಟರೆ ಒಂದು ಹೆಜ್ಜೆ ಪಕ್ಕಕ್ಕೆ ಇಡ್ತಿದ್ದೆ. ಯಾವ ಗಾಡಿಗೂ ತಪ್ಪಿಸಿದವಳಲ್ಲ. ಅವತ್ತು ಇಡಲಿಲ್ಲ. ಯಾಕೆ?”

ತಮ್ಮನಿಗೆ ಹೇಳದೆ ಬಿಟ್ಟದ್ದು ಇದನ್ನೇ. ಗಾಬರಿಯಾಗಿತ್ತು ಎನ್ನಬಹುದಿತ್ತು. ಜನ ನೋಡುತ್ತಿದ್ದರು ಎನ್ನಬಹುದಿತ್ತು. ಎರಡೂ ಸುಳ್ಳಲ್ಲ. ಮಾತುಗಳನ್ನು ಅಳೆದು ಆಡಿ ಅಭ್ಯಾಸವಿದ್ದ ಅವಳಿಗೆ ಸುಳ್ಳಲ್ಲದ ಮಾತು ಸುಲಭವಾಗಿ ಸಿಗುತ್ತಿತ್ತು.

“ನೀವು ತಂದ ಗಾಡಿ ಅಂತ,” ಎಂದಳು. “ನಿಮ್ಮ ಗಾಡೀಲಿ ತಪ್ಪು ಇರಬೇಕು ಅಂತ ನನಗೆ ಮೊದಲಿಂದಲೂ ಇತ್ತು. ಸಿಕ್ಕಿದ ಮೇಲೆ ಮತ್ತೆ ನೋಡೋಕೆ ಮನಸ್ಸಾಗಲಿಲ್ಲ.”

ಮಾವ ಬಾಗಿಲ ಚೌಕಟ್ಟನ್ನು ಬಾನೆಟ್ಟು ಸವರುವ ಹಾಗೆ ಸವರುತ್ತಾ ನಿಂತರು. ಒಳಗೆ ಅಮ್ಮ ಏನನ್ನೋ ಉಜ್ಜುತ್ತಿದ್ದಳು.

“ಇದನ್ನ ಅವನಿಗೆ ಹೇಳಿದೀಯಾ?”

“ದೀಪದ ವಿಷಯ ಹೇಳಿದೀನಿ. ಇದನ್ನ ಹೇಳಿಲ್ಲ.”

“ಹೇಳು. ಇಲ್ಲಿ ಹೊಸ್ತಿಲಲ್ಲಿ ನಿಂತು ಗುಟ್ಟಾಗಿ ಅಲ್ಲ. ನನಗೆ ಅಂದಿದ್ದು ನಾಲ್ಕು ಜನರ ಮುಂದೆ.” ಅಡಿಗೆ ಮನೆಯ ಕಡೆ ಕೈ ತೋರಿಸಿ, “ಹೋಗು, ನಿಮ್ಮಮ್ಮನ್ನ ನಿಲ್ಲಿಸು. ತಳ ಕಿತ್ತುಹೋಗೋ ತನಕ ಉಜ್ಜುತಾಳೆ ಅವಳು. ಇರೋದೇ ಎರಡು ಪಾತ್ರೆ,” ಎಂದರು. ತಾವು ಒಳಗೆ ಬರಲಿಲ್ಲ, ಅಂಗಳದ ಹುಲ್ಲಿನ ಕಡೆ ನಡೆದರು.

ಭಾನುವಾರ ಶೆಡ್ಡಿನಲ್ಲಿ ನೀಲಿ ಕಾರು ತೊಳೆದು ನಿಂತಿತ್ತು. ಗಿರಾಕಿ ಹೆಂಡತಿಯನ್ನೂ ಭಾವಮೈದುನನನ್ನೂ ಕರೆತಂದಿದ್ದ. ಮುದ್ರಣಾಲಯದ ಹಳೆಯ ಸಹೋದ್ಯೋಗಿಗಳು ಬಾಗಿಲಲ್ಲಿ ಸೇರಿದ್ದರು, ಎದುರಿನ ಅಂಗಡಿಯವನೂ ಬಂದಿದ್ದ. ತಮ್ಮ ಬರುವವರಿಗೆಲ್ಲ ಮುಂಚಿತವಾಗಿ ಫೋನು ಮಾಡಿ ಏನೋ ಹೇಳಿಬಿಡಬಹುದಿತ್ತು, ಮಾಡಿರಲಿಲ್ಲ. ಎಲ್ಲ ಅಕ್ಕನಿಗೆ ಬಿಟ್ಟಿದ್ದ. ಅವಳನ್ನು ಕಂಡದ್ದೇ ಗಿರಾಕಿ ಹೆಂಡತಿಗೆ, ಇವರೇ ಎಂದು ತೋರಿಸಿದ. ಆಕೆ ಗೌರವದಿಂದ ನಕ್ಕಳು.

ಅಕ್ಕ ಗೋಡೆಯ ಮೇಲಿನ ಕೆಂಪು ಸಾಲಿನ ಕೆಳಗೆ ನಿಂತು ಹೇಳಿದಳು. ಜೋತುಬಿದ್ದ ಟ್ಯೂಬಿನದನ್ನೂ ಹೇಳಿದಳು, ಇಡದ ಹೆಜ್ಜೆಯದನ್ನೂ ಹೇಳಿದಳು, ಯಾಕೆ ಇಡಲಿಲ್ಲ ಎಂಬುದನ್ನೂ ಹೇಳಿದಳು. ಕೊನೆಯದನ್ನು ಹೇಳುವಾಗ ತಮ್ಮ ತಲೆಯೆತ್ತಿ ಅವಳನ್ನು ನೋಡಿದ. ಆ ನೋಟಕ್ಕೆ ಅವಳು ಕಣ್ಣು ಕೊಡಲಾರದೆ ಗಿರಾಕಿಯ ಕಡೆ ತಿರುಗಿದಳು. ಗಿರಾಕಿಯ ಹೆಂಡತಿಯ ನಗು ಅಲ್ಲೇ ಉಳಿದಿತ್ತು, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ. ಭಾವಮೈದುನ, ಹಾಗಾದರೆ ಈ ಗಾಡಿಯನ್ನು ನಂಬುವುದು ಹೇಗೆ ಎಂದ.

ಬಾಗಿಲಲ್ಲಿದ್ದವರು ಪಕ್ಕಕ್ಕೆ ಸರಿದರು. ಮಾವ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ, ಉದ್ಘಾಟನೆಯ ದಿನದ ಅದೇ ಅಂಗಿ ತೊಟ್ಟಿದ್ದರು. ಯಾರನ್ನೂ ಮಾತಾಡಿಸದೆ ಒಳಬಂದು, ಗಿರಾಕಿಯ ಮುಂದೆ ಕೈ ಚಾಚಿದರು. ಅವನು ಜೇಬಿನಲ್ಲಿದ್ದ ಮೀಟರನ್ನು ತೆಗೆದುಕೊಟ್ಟ. ಮಾವ ಅದನ್ನು ಅಂಗಿಯ ತುದಿಯಿಂದ ಒರೆಸಿಕೊಂಡು, ಕಾರಿನ ಮೂತಿಯ ಬಳಿ ನಿಂತರು. ಬೆಣ್ಣೆ ಎನ್ನಲಿಲ್ಲ.

“ಮೊದಲು ನೀನು ನೋಡು,” ಎಂದರು ಅಕ್ಕನಿಗೆ. “ನಿನ್ನ ಹಿಂದೆ ನಾನು ಇದನ್ನ ಇಡ್ತಾ ಬರ್ತೀನಿ.”

ಅವಳು ಕಾರಿಗೆ ಬೆನ್ನು ಮಾಡಿ ಮೊದಲು ಗೋಡೆಯ ದೀಪಗಳನ್ನು ನೋಡಿದಳು, ಒಂದೊಂದರ ತುದಿಯನ್ನೂ ಮುಟ್ಟಿ. ಆಮೇಲೆ ಕಾರಿನ ಕಡೆ ತಿರುಗಿದಳು. ಹಿಂದಿನ ಚಕ್ರದವರೆಗೂ ಗೆರೆ ನೇರವಾಗಿ ಹರಿದುಹೋಗಿತ್ತು. ಅವಳಿಗೆ ಅದನ್ನು ನಂಬುವ ಧೈರ್ಯ ಬರಲಿಲ್ಲ. ಬೆನ್ನ ಹಿಂದೆ ಮಾವ ಅವಳ ಕಾಲುಗಳನ್ನೇ ನೋಡುತ್ತಿರುವುದು ಅವಳಿಗೆ ಗೊತ್ತಿತ್ತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.